ಅವ್ವನ ಬಣ್ಣ ಕಾಣುವ ಲ್ಯಾಪ್‌ಟಾಪ್

ಪಿಯುಸಿಯಲ್ಲಿ ಇಂಗ್ಲಿಷೊಂದರಲ್ಲೇ ಫೇಲಾದ ವರ್ಷ, ಅಂದರೆ ತೊಂಬತ್ತಾರರಲ್ಲಿ, ಪವಿತ್ರ ನಂಜನಗೂಡು ಬಸ್ ಸ್ಟ್ಯಾಂಡಿನ ಎದುರಿಗಿದ್ದ ಫೋಟೋ ಸ್ಟುಡಿಯೋ ಒಂದಕ್ಕೆ ಕೆಲಸಕ್ಕೆ ಸೇರಿದಳು. ಮೊದಮೊದಲು ಕೆಲಸವೆಂದರೆ ಕಸ ಗುಡಿಸುವುದು, ಫೋಟೋ ತೆಗೆಸಿಕೊಳ್ಳಲು ಬಂದ ಹೆಂಗಸರಿಗೆ ಬಾಚಣಿಗೆ, ಪೌಡರ್ ಡಬ್ಬಿ ಎತ್ತಿಕೊಡುವುದು, ಇಷ್ಟೇ. ಮಾಲೀಕರು ಗಂಗಾಧರಸ್ವಾಮಿ. ಐವತ್ತರ ಆಚೀಚಿನ, ಹಣೆಯ ವಿಭೂತಿ ಸಂಜೆಯಾದರೂ ಅಳಿಸದ, ಯಾರ ಮೇಲೂ ದನಿಯೇರಿಸದ ಮನುಷ್ಯ. ಕವರುಗಳ ಮೇಲೆ ಹುಡುಗಿ ಬರೆಯುತ್ತಿದ್ದ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರಗಳನ್ನು ನೋಡಿ ಒಂದು ದಿನ ಅವರು ಪೊರಕೆ ಕೆಳಗಿಡಿಸಿ ಕೈಗೆ ಪೆನ್ಸಿಲ್ ಕೊಟ್ಟರು.

ಅದು ನೆಗೆಟಿವ್ ತಿದ್ದುವ ಪೆನ್ಸಿಲ್. ಕೆಳಗೆ ಬಲ್ಬು ಉರಿಯುವ ಓರೆ ಗಾಜಿನ ಮೇಲೆ ನೆಗೆಟಿವ್ ಇಟ್ಟು, ಸೂಜಿಯಂತೆ ಚೂಪು ಮಾಡಿದ ಸೀಸದಿಂದ ಮುಖದ ಮೇಲೆ ಚುಕ್ಕಿ ಚುಕ್ಕಿಯಾಗಿ ಮುಟ್ಟುತ್ತಾ ಹೋಗಬೇಕು. ನೆಗೆಟಿವ್‌ನಲ್ಲಿ ಎಲ್ಲವೂ ತಿರುವುಮುರುವು. ಅಲ್ಲಿ ಸೀಸ ಎಷ್ಟು ಹತ್ತುತ್ತದೋ ಇಲ್ಲಿ ಕಾಗದದ ಮೇಲೆ ಮುಖ ಅಷ್ಟು ಬೆಳ್ಳಗಾಗುತ್ತದೆ. ಮೊದಲು ಸಿಡುಬಿನ ಕಲೆ, ಆಮೇಲೆ ಕಣ್ಣಿನ ಕೆಳಗಿನ ಕುಳಿ, ಕಡೆಗೆ ಇಡೀ ಕೆನ್ನೆ, ಹಣೆ, ಕತ್ತು.

"ಕಪ್ಪು ಕಳೀಬೇಕು ಕಣಮ್ಮ, ಅದೇ ನಮ್ಮ ಕಸುಬು. ತಮ್ಮ ಮುಖ ಇರೋ ಹಾಗೇ ನೋಡೋಕೆ ಯಾರೂ ದುಡ್ಡು ಕೊಡಲ್ಲ" ಎಂದು ಗಂಗಾಧರಸ್ವಾಮಿ ಪಾಠ ಹೇಳಿದರು.

ಪವಿತ್ರಳ ಕೈ ಕೂತಿತು. ಎರಡೇ ವರ್ಷದಲ್ಲಿ ಸುತ್ತಲ ಊರುಗಳಿಂದ ಹೆಣ್ಣಿನ ಕಡೆಯವರು ಹುಡುಕಿಕೊಂಡು ಬರುವಂತಾಯಿತು. ಗಂಡಿನ ಮನೆಗೆ ಕಳಿಸುವ ಫೋಟೋ ಎಂದರೆ ಆ ಸ್ಟುಡಿಯೋದಲ್ಲೇ ತೆಗೆಸಬೇಕು, ಅಲ್ಲಿ ಹುಡುಗಿಯೊಬ್ಬಳಿದ್ದಾಳೆ, ಕಾಗೆಯನ್ನೂ ಕೊಕ್ಕರೆ ಮಾಡುತ್ತಾಳೆ ಎನ್ನುತ್ತಿದ್ದರು. ಅವಳಿಗೂ ಅದು ಹೆಮ್ಮೆಯೇ ಆಗಿತ್ತು.

ಅವಳ ಊರು ಹುಲ್ಲಹಳ್ಳಿ ಹತ್ತಿರ. ಅಪ್ಪ ಇವಳು ಚಿಕ್ಕವಳಿರುವಾಗಲೇ ತೀರಿಕೊಂಡಿದ್ದ. ಅವ್ವ ಮಾದಮ್ಮ ನಾಲೆ ಬಯಲಿನ ಗದ್ದೆಗಳಲ್ಲಿ ನಾಟಿ, ಕಳೆ, ಕಬ್ಬು ಕಡಿಯುವುದು ಎಂದು ವರ್ಷವಿಡೀ ದುಡಿದು ಮಗಳನ್ನು ಓದಿಸಿದ್ದಳು. ಮಾದಮ್ಮ ಕಪ್ಪು ಹೆಂಗಸು. ಆದರೆ ಆ ಕಪ್ಪು ಒಂದೇ ಥರದ್ದಲ್ಲ. ಹಣೆಯ ಮೇಲೆ ಒಂದು ಬಗೆ, ಕೆನ್ನೆಯ ಎಲುಬಿನ ಮೇಲೆ ತಾಮ್ರ ಬೆರೆತ ಇನ್ನೊಂದು, ತಲೆಗೆ ಸೆರಗು ಕಟ್ಟುವ ಜಾಗದಲ್ಲಿ ಬಿಸಿಲು ಕಾಣದ ಮತ್ತೊಂದು. ಹೆಂಗಸರ ಸಂಘದ ಪಾಸ್‌ಬುಕ್ಕಿಗೆಂದು ತೊಂಬತ್ತೆಂಟರಲ್ಲಿ ಅವಳು ಮಗಳ ಸ್ಟುಡಿಯೋಕ್ಕೇ ಬಂದು ಫೋಟೋ ತೆಗೆಸಿಕೊಂಡಳು. ಆ ನೆಗೆಟಿವನ್ನು ಪವಿತ್ರ ಎರಡು ದಿನ ಕೂತು ತಿದ್ದಿದಳು. ಪ್ರಿಂಟು ಕೈಗೆ ಬಂದಾಗ ಮಾದಮ್ಮ ಬಿದ್ದು ಬಿದ್ದು ನಕ್ಕಳು.

"ಯಾರ್ ಮಗಾ ಇವ್ಳು? ಬ್ಯಾಂಕ್ ಮೇನೇಜರ್ ಎಂಡ್ತಿ ಇದ್ದಂಗವ್ಳೆ."

ನಕ್ಕರೂ ಕೇರಿಯಲ್ಲೆಲ್ಲ ಅದನ್ನು ತೋರಿಸಿಕೊಂಡು ಬಂದಳು.

ಎರಡು ಸಾವಿರದಲ್ಲಿ ಪವಿತ್ರಳಿಗೆ ಮದುವೆಯಾಯಿತು. ಗಂಡ ಜಗನ್ ತಾಂಡವಪುರದವನು, ಅಲ್ಲೇ ಹತ್ತಿರದ ಕಾರ್ಖಾನೆಯೊಂದರಲ್ಲಿ ಕೆಲಸ. ತಾಂಡವಪುರದಿಂದ ನಂಜನಗೂಡಿಗೆ ಬಸ್ಸಿನಲ್ಲಿ ಹತ್ತು ನಿಮಿಷ, ಹಾಗಾಗಿ ಸ್ಟುಡಿಯೋ ಕೆಲಸ ಬಿಡುವ ಪ್ರಮೇಯ ಬರಲಿಲ್ಲ. ನಾಲ್ಕು ವರ್ಷದ ನಂತರ ಮಾದಮ್ಮ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟಳು.

ಫ್ರೇಮು ಹಾಕಿಸಲು ಇದ್ದದ್ದು ಆ ಒಂದೇ ಫೋಟೋ. ಗಂಗಾಧರಸ್ವಾಮಿ ತಾವೇ ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಕೊಟ್ಟರು. ಹನ್ನೊಂದನೇ ದಿನ ಗೋಡೆಯ ಮೇಲೆ ಬುದ್ಧನ ಚಿತ್ರದ ಪಕ್ಕ ಅದನ್ನು ತೂಗುಹಾಕಿದರು. ಹೂವು ಮುಡಿಸಲು ಅವ್ವನ ತಂಗಿ ಮರಿತಾಯಮ್ಮ ಎದ್ದು ಹೋದವಳು ಕೈ ಹಿಂದಕ್ಕೆಳೆದುಕೊಂಡಳು. ಫೋಟೋದಲ್ಲಿದ್ದದ್ದು ಹಿಟ್ಟು ಬಳಿದಂಥ, ಎಲ್ಲೂ ಒಂದು ಗೆರೆಯಿಲ್ಲದ ಮುಖ.

"ಇದು ನಮ್ಮಕ್ಕ ಅಲ್ಲ ಕಣವ್ವ. ನಮ್ಮಕ್ಕನ್ನ ತೊಳ್ದುಬುಟ್ಟಿದ್ದೀಯ ನೀನು" ಎಂದಳು. ಬೈಗುಳದ ದನಿಯೇನಿರಲಿಲ್ಲ. ಹೂವನ್ನು ಅಲ್ಲೇ ತಟ್ಟೆಯಲ್ಲಿಟ್ಟು ಹೋಗಿ ಕೂತುಬಿಟ್ಟಳು.

ಬಂದವರೆಲ್ಲ ಉಂಡು ಹೋದರು. ಪವಿತ್ರ ಮಾರನೆಯ ದಿನ ಬೆಳಿಗ್ಗೆ ಬಸ್ಸು ಹತ್ತಿ ಸ್ಟುಡಿಯೋಕ್ಕೆ ಬಂದು, ಹಳೆಯ ಕವರುಗಳ ಪೆಟ್ಟಿಗೆ ಇಳಿಸಿ, ತನ್ನದೇ ಅಕ್ಷರದಲ್ಲಿ 'ಅವ್ವ' ಎಂದು ಬರೆದಿದ್ದ ಕವರನ್ನು ಹುಡುಕಿದಳು. ಹತ್ತಿಗೆ ಒಂದೆರಡು ಹನಿ ಟರ್ಪೆಂಟೈನ್ ಹಾಕಿ, ಗಾಜಿನ ಮೇಲಿಟ್ಟ ನೆಗೆಟಿವನ್ನು ಉಸಿರು ಬಿಗಿಹಿಡಿದು ಒರೆಸಿದಳು. ಆರು ವರ್ಷದ ಹಿಂದೆ ತಾನೇ ಹತ್ತಿಸಿದ್ದ ಸೀಸ ಬೂದಿಯಾಗಿ ಹತ್ತಿಗೆ ಬಂತು. ಹೊಸ ಪ್ರಿಂಟು ಹಾಕಿ ನೋಡಿದರೆ ಕೆನ್ನೆಯ ಎಲುಬು ಬಂದಿತ್ತು, ಹಣೆಯ ಗೆರೆ ಬಂದಿತ್ತು, ಕಣ್ಣ ಕೆಳಗಿನ ದಣಿವು ಬಂದಿತ್ತು. ಅವ್ವ ಬಂದಿದ್ದಳು. ಆಮೇಲೆ ಆ ಕೋಣೆಯಲ್ಲಿ ಪವಿತ್ರ ಎಷ್ಟು ಹೊತ್ತು ಅತ್ತಳೆನ್ನುವುದು ಅವಳಿಗೂ ನೆನಪಿಲ್ಲ. ಅತ್ತಾದ ಮೇಲೆ ಮಾತ್ರ ಅವಳಿಗೆ ಕೋಪ ಬಂತು. ತನ್ನ ಮೇಲೆ ಬಂದ ಕೋಪ ನಿಧಾನವಾಗಿ ಕಸುಬಿನ ಮೇಲೆ ತಿರುಗಿತು.

ಅಷ್ಟರಲ್ಲಿ ಕಸುಬೂ ಬದಲಾಗಿತ್ತು. ಎರಡು ಸಾವಿರದ ಐದರ ಹೊತ್ತಿಗೆ ಡಿಜಿಟಲ್ ಕ್ಯಾಮೆರಾ ಬಂದು, ನೆಗೆಟಿವ್ ಪೆಟ್ಟಿಗೆ ಅಟ್ಟ ಸೇರಿ, ಓರೆ ಗಾಜಿನ ಜಾಗದಲ್ಲಿ ಕಂಪ್ಯೂಟರ್ ಕೂತಿತು. ಪವಿತ್ರ ಅದನ್ನೂ ಹದಿನೈದು ದಿನದಲ್ಲಿ ಕಲಿತಳು. ಮದುವೆ ಆಲ್ಬಂ ಎಂದರೆ ಈಗ ಫೋಟೋ ಅಂಟಿಸುವುದಲ್ಲ. ಮಾರುದ್ದದ ಹಾಳೆಯ ಮೇಲೆ ಹತ್ತು ಹದಿನೈದು ಚಿತ್ರ ಜೋಡಿಸಿ, ಅಂಚು ಕರಗಿಸಿ, ಅಕ್ಷರ ಬರೆದು ಮೈಸೂರಿನ ಲ್ಯಾಬಿಗೆ ಕಳಿಸಬೇಕು. ಆ ಕೆಲಸದಲ್ಲಿ ಅವಳಿಗೆ ಖುಷಿಯಿತ್ತು. ಖುಷಿಯಿಲ್ಲದ್ದು ಒಂದೇ: ಹಿಂದೆ ಎರಡು ದಿನ ಹಿಡಿಯುತ್ತಿದ್ದ ತೊಳೆಯುವ ಕೆಲಸಕ್ಕೆ ಈಗ ಎರಡು ನಿಮಿಷ ಸಾಕಾಗಿತ್ತು. ಒಂದು ಗುಂಡಿ ಒತ್ತಿದರೆ ಇಡೀ ಮದುವೆಮನೆ ಬೆಳ್ಳಗಾಗುತ್ತಿತ್ತು.

ಅವಳು ತೊಳೆಯುವುದನ್ನು ಬಿಟ್ಟು ಕಪ್ಪನ್ನು ಕಪ್ಪಾಗಿಯೇ ಚೆಂದ ಕಾಣಿಸುವುದು ಹೇಗೆಂದು ಪ್ರಯತ್ನಿಸತೊಡಗಿದಳು. ಆಗಲೇ ಅವಳಿಗೆ ಯಂತ್ರದ ತೊಡಕು ಗೊತ್ತಾದದ್ದು. ಸ್ಟುಡಿಯೋದ ಕಂಪ್ಯೂಟರ್ ಪರದೆಯಲ್ಲಿ ಕಪ್ಪು ಮುಖವೆಂದರೆ ಮಸಿ ಚೆಲ್ಲಿದ ಹಾಗೆ ಒಂದೇ ಮುದ್ದೆ. ನೆರಳಿನಲ್ಲಿರುವ ಕೆನ್ನೆಗೂ ಕತ್ತಿಗೂ ವ್ಯತ್ಯಾಸವೇ ಕಾಣದು. ಕಾಣದ್ದನ್ನು ತಿದ್ದುವುದು ಹೇಗೆ? ಅದರ ಮೇಲೆ, ಆಲ್ಬಮ್ಮಿನ ಒಂದು ಹಾಳೆ ತೆರೆಯಲು ಹೇಳಿ ಹೋಟೆಲಿಗೆ ಹೋಗಿ ಟೀ ಕುಡಿದು ಬಂದರೂ ಯಂತ್ರ ಇನ್ನೂ ಗಿರಗಿರ ಅನ್ನುತ್ತಲೇ ಇರುತ್ತಿತ್ತು. ಪರದೆ ಬದಲಿಸಿ, ರ‍್ಯಾಮ್ ಹಾಕಿಸಿ ಎಂದು ಅವಳು ಕೇಳಿಕೊಂಡಳು. ಬೆಳ್ಳಗೆ ಮಾಡುವುದಕ್ಕೆ ಇದು ಧಾರಾಳವಾಗಿ ಸಾಕಲ್ಲ ಎಂದರು ಗಂಗಾಧರಸ್ವಾಮಿ. ಅವರು ಹೇಳಿದ್ದು ನಿಜವೇ ಆಗಿತ್ತು.

ಒಂದು ಮದುವೆಯ ಆಲ್ಬಮ್ಮನ್ನು ಅವಳು ಹೇಳದೆ ಕೇಳದೆ ಇದ್ದ ಬಣ್ಣದಲ್ಲೇ ಮಾಡಿ ಕಳಿಸಿದಳು. ಹುಡುಗಿ ಕಪ್ಪಗೆ ಬಂದಿದ್ದಾಳೆಂದು ಅದು ವಾಪಸ್ ಬಂತು. ಗಂಗಾಧರಸ್ವಾಮಿ ಅವಳನ್ನು ಕರೆದು ಕೂರಿಸಿಕೊಂಡು, ಗಿರಾಕಿಯನ್ನು ಕಳೆದುಕೊಳ್ಳುವ ಹಟ ಒಳ್ಳೆಯದಲ್ಲ, ಸಾಯಂಕಾಲದೊಳಗೆ ಎಲ್ಲ ಸರಿಮಾಡಿಕೊಡು ಎಂದು ಬುದ್ಧಿ ಹೇಳಿದರು.

"ಮಾಡಲ್ಲ ಸಾ" ಎಂದಳು ಪವಿತ್ರ.

"ಮತ್ತೇನು ಮಾಡ್ತೀಯ?"

"ನಂದೇ ಒಂದು ಕಂಪ್ಯೂಟರ್ ತಗತೀನಿ."

ಗಂಗಾಧರಸ್ವಾಮಿ ನಕ್ಕರು. ಅದರಲ್ಲಿ ಕುಹಕಕ್ಕಿಂತ ಮರುಕವೇ ಹೆಚ್ಚಿತ್ತು. ಇಡೀ ನಂಜನಗೂಡಿನಲ್ಲಿ ಇಂಥ ಆಲ್ಬಂ ಮಾಡಿಸುವವರು ಒಬ್ಬರೂ ಸಿಗುವುದಿಲ್ಲ ಎಂದರು.

"ನಂಜನಗೂಡು ಒಂದೇ ಊರಾ ಸಾ?" ಎಂದು ಅವಳು ಚಪ್ಪಲಿ ಮೆಟ್ಟಿಕೊಂಡಳು. ಹತ್ತು ವರ್ಷ ಕೂತಿದ್ದ ಕುರ್ಚಿಯನ್ನು ತಿರುಗಿಯೂ ನೋಡಲಿಲ್ಲ.

ಆಗ ಅವಳ ಕಣ್ಣಿಗೆ ಬಿದ್ದದ್ದು ತಿರುಮಕೂಡಲು ನರಸೀಪುರ. ಅಲ್ಲಿ ಕ್ಯಾಮೆರಾ ಹಿಡಿದವರು ಬಹಳ ಜನರಿದ್ದರು, ಆಲ್ಬಂ ಜೋಡಿಸುವವರಿರಲಿಲ್ಲ. ತಾಲ್ಲೂಕು ಕಚೇರಿಯ ಹಿಂದಿನ ಬೀದಿಯಲ್ಲಿ, ಟೈಲರ್ ಅಂಗಡಿಯೊಂದರ ಮಗ್ಗುಲಿಗೆ ಕೈಚಾಚಿದರೆ ಎರಡೂ ಗೋಡೆ ಮುಟ್ಟುವಷ್ಟು ಅಗಲದ ಮಳಿಗೆ ಸಿಕ್ಕಿತು. ಕರೆಂಟು ಮನಸ್ಸು ಬಂದಾಗ ಬಂದು ಹೋಗುತ್ತಿತ್ತು. ಅರ್ಧ ಕೆಲಸ ಮನೆಯಲ್ಲಿ, ಅರ್ಧ ಅಂಗಡಿಯಲ್ಲಿ, ನಡುವೆ ಬಸ್ಸು. ಹಾಗಾಗಿ ಮೇಜಿನ ಮೇಲಿಡುವ ಯಂತ್ರ ಆಗದು, ಲ್ಯಾಪ್‌ಟಾಪೇ ಬೇಕು ಎಂದು ಅವಳು ತೀರ್ಮಾನಿಸಿದಳು. ಅಷ್ಟು ದುಡ್ಡಿಗೆ ಮನೆಯ ಸೋರುವ ಭಾಗಕ್ಕೆ ಶೀಟು ಹಾಕಿಸಬಹುದಲ್ಲ ಎಂದು ಜಗನ್ ಗೊಣಗಿದ. ಗೊಣಗುತ್ತಲೇ ಒಂದು ಭಾನುವಾರ ಹೆಂಡತಿಯ ಜೊತೆ ಮೈಸೂರಿಗೆ ಹೊರಟ.

ಪವಿತ್ರಳ ಬ್ಯಾಗಿನಲ್ಲಿ ಒಂದು ಸಿಡಿ ಇತ್ತು. ಅದರೊಳಗೆ ಒಂದೇ ಒಂದು ಚಿತ್ರ, ಒರೆಸಿದ ನೆಗೆಟಿವ್‌ನಿಂದ ಸ್ಕ್ಯಾನ್ ಮಾಡಿಸಿದ ಅವ್ವನ ಮುಖ.

ಮೊದಲನೇ ಅಂಗಡಿಯಲ್ಲಿ ಟೈ ಕಟ್ಟಿದವನೊಬ್ಬ, ಮನೆ ಬಳಕೆಗಾ, ಮಕ್ಕಳ ಆಟಕ್ಕಾ ಎಂದು ಕೇಳಿ, ಆಗ ತಾನೇ ಬಂದಿದ್ದ ಮಿರಮಿರ ಮಿಂಚುವ ಒಂದನ್ನು ಮುಂದಿಟ್ಟ. ಪವಿತ್ರ ಸಿಡಿ ಹಾಕಿಸಿದಳು. ಪರದೆ ಕನ್ನಡಿಯಂತೆ ಹೊಳೆಯುತ್ತಿತ್ತು. ಅವ್ವನ ಮುಖದ ಕಪ್ಪಿನಲ್ಲಿ ಅವಳಿಗೆ ಕಂಡದ್ದು ಅಂಗಡಿಯ ಟ್ಯೂಬ್‌ಲೈಟು, ಅದರ ಕೆಳಗೆ ತನ್ನದೇ ಮೂಗು. ಎರಡನೇ ಅಂಗಡಿಯ ಯಂತ್ರದಲ್ಲಿ ಪ್ರತಿಬಿಂಬ ಇರಲಿಲ್ಲ. ಆದರೆ ಅವಳು ನಿಂತು ನೋಡಿದರೆ ಕೆನ್ನೆ ಬೂದಿ, ಕೂತು ನೋಡಿದರೆ ಇದ್ದಿಲು, ಮೇಜಿನ ಕೆಳಗಿನಿಂದ ಕತ್ತೆತ್ತಿ ನೋಡಿದರೆ ಕರಿದು ಬಿಳಿದಾಗಿ, ಬಿಳಿದು ಕರಿದಾಗಿ ಥೇಟು ನೆಗೆಟಿವ್ ಆಗಿಬಿಡುತ್ತಿತ್ತು. ಸೀರೆಯುಟ್ಟ ಹೆಂಗಸೊಬ್ಬಳು ಅಂಗಡಿಯ ನಡುವೆ ಎದ್ದು, ಕೂತು, ಬಗ್ಗಿ ಪರದೆ ನೋಡುವುದನ್ನು ಕಂಡು ಕೆಲಸದವರು ಒಬ್ಬರನ್ನೊಬ್ಬರು ತಿವಿದು ನಕ್ಕರು. ಜಗನ್ ಮುಖ ಕೆಂಪಾಯಿತು. ಅವಳು ಮಾತ್ರ ನಿಧಾನವಾಗಿ ಎದ್ದು, ರ‍್ಯಾಮ್ ಎಷ್ಟರವರೆಗೆ ಏರಿಸಬಹುದು, ಗ್ರಾಫಿಕ್ಸ್ ಬೇರೆ ಕಾರ್ಡಿನದೋ ಅಥವಾ ಇದೇ ರ‍್ಯಾಮಿನಲ್ಲಿ ಪಾಲು ಕೇಳುವುದೋ ಎಂದು ವಿಚಾರಿಸಿದಳು. ಅಂಗಡಿಯವನು ಬ್ಯಾಗು ಫ್ರೀ ಎಂದ. ಅವಳು ಸಿಡಿ ವಾಪಸ್ ತೆಗೆದುಕೊಂಡಳು.

ಮೂರನೆಯದು ಅಂಗಡಿಯೂ ಅಲ್ಲ. ಗಲ್ಲಿಯೊಂದರ ಮಹಡಿಯ ಮೇಲೆ ಗುರು ಎಂಬಾತ ರಿಪೇರಿ ಮಾಡುತ್ತಿದ್ದ ಕೋಣೆ. ಲ್ಯಾಬಿನವರು ಅವನ ಹೆಸರು ಹೇಳಿದ್ದರು. ಬೆಂಗಳೂರಿನ ಕಂಪನಿಗಳು ಎರಡು ಮೂರು ವರ್ಷ ಬಳಸಿ ಬಿಟ್ಟ ಲ್ಯಾಪ್‌ಟಾಪುಗಳನ್ನು ತಂದು ರಿಪೇರಿ ಮಾಡಿ ಮಾರುವುದು ಅವನ ಕಸುಬು. ಪವಿತ್ರ ಏನು ಬೇಕೆಂದು ಹೇಳಲಿಲ್ಲ, ಏನು ಕೆಲಸವೆಂದು ಹೇಳಿದಳು. ಇಷ್ಟುದ್ದದ ಹಾಳೆ, ಒಂದೊಂದರಲ್ಲೂ ಹದಿನೈದು ಚಿತ್ರ, ಎಲ್ಲ ಕಪ್ಪು ಜನ. ಗುರು ಮೂಲೆಯ ರಾಶಿಯ ತಳದಿಂದ ಒಂದು ಕರಿ ಯಂತ್ರವನ್ನು ಎಳೆದ. ಇಟ್ಟಿಗೆಯ ಹಾಗೆ ದಪ್ಪ. ಮುಚ್ಚಳದ ತುಂಬ ಗೀರು. ಎರಡು ಗುಂಡಿಗಳ ಅಕ್ಷರ ಸವೆದು ಹೋಗಿತ್ತು.

ಸಿಡಿ ಹಾಕಿದ. ಪರದೆಯಲ್ಲಿ ಮಾದಮ್ಮ ಬಂದಳು. ಹಣೆಯ ಮೂರು ಗೆರೆಯೂ ಕಂಡವು. ಕಿವಿಯ ಹಿಂದಿನ ನೆರಳಿನೊಳಗೆ, ಮಸಿಯಂತಿರಬೇಕಾದ ಕಡೆ, ಸೆರಗಿನ ಮಡಿಕೆ ಕಂಡಿತು. ಪವಿತ್ರ ಎಡಕ್ಕೆ ಸರಿದಳು, ಬಲಕ್ಕೆ ಸರಿದಳು, ಬಗ್ಗಿದಳು, ಎದ್ದಳು. ಅವ್ವ ಎಲ್ಲಿಂದ ನೋಡಿದರೂ ಅವ್ವನೇ.

ಈ ಪರದೆ ಬೇರೆ ಜಾತಿಯದು, ನಕ್ಷೆ ಬರೆಯುವ ಇಂಜಿನಿಯರುಗಳಿಗೆಂದು ಮಾಡಿದ್ದು, ಹೊಸ ಅಗ್ಗದ ಮಾಲಿನಲ್ಲಿ ಇದನ್ನು ಹಾಕುವುದಿಲ್ಲ ಎಂದು ಗುರು ವಿವರಿಸಿದ. ಪ್ರೊಸೆಸರ್ ಹಳೆಯದು, ಹೊಸದರ ಮುಂದೆ ನಿಧಾನ ಎನ್ನುವುದನ್ನೂ ಮುಚ್ಚಿಡಲಿಲ್ಲ. ಆದರೆ ಗ್ರಾಫಿಕ್ಸ್ ಕಾರ್ಡು ಬೇರೆಯೇ ಇದೆ, ರ‍್ಯಾಮ್ ಎರಡು ಜಿಬಿಯವರೆಗೂ ಏರುತ್ತದೆ, ಜೋರಾಗಿ ತಿರುಗುವ ಡಿಸ್ಕು ಹಾಕಿಕೊಡಬಹುದು, ಹಾಳೆ ತೆರೆಯುವಾಗ ಒದ್ದಾಡುವುದು ಪ್ರೊಸೆಸರಿಗಿಂತ ರ‍್ಯಾಮು, ಡಿಸ್ಕು ಇವೆರಡೇ ಎಂದ. ಬ್ಯಾಟರಿ ಮಾತ್ರ ಹೊಸದು ಹಾಕಿಸಿ, ಫೈಲುಗಳಿಗೆ ಹೊರಗಿನ ಡಿಸ್ಕಿನಲ್ಲಿ ಇನ್ನೊಂದು ಪ್ರತಿ ಇಟ್ಟುಕೊಳ್ಳಿ ಎಂದು ಬುದ್ಧಿ ಹೇಳಿದ.

ಜಗನ್ ಹೆಂಡತಿಯನ್ನು ಮೆಟ್ಟಿಲ ಬಳಿಗೆ ಕರೆದ. ಅಷ್ಟು ದುಡ್ಡು ಸುರಿದು ಗ್ಯಾರಂಟಿ ಇಲ್ಲದ ಹಳೇ ಸಾಮಾನು ಮನೆಗೆ ಒಯ್ಯುವುದೇ ಎಂಬುದು ಅವನ ಸಂಕಟ.

"ಅದ್ರ ಮೋರೆನಾದ್ರೂ ನೋಡು ಪವಿ" ಎಂದ.

"ಅದ್ರ ಮೋರೆ ನೋಡಕ್ಕೆ ನಾನು ತಗತಿಲ್ಲ ಕಣ್ರೀ. ಅದ್ರೊಳಗೆ ಜನಗಳ ಮೋರೆ ನೋಡಕ್ಕೆ ತಗತಿರೋದು."

ಅವತ್ತೇ ಅದನ್ನು ಹೊತ್ತು ತಂದಳು.

ನರಸೀಪುರದಲ್ಲಿ ಮೊದಲ ಎರಡು ತಿಂಗಳು ಅಂಗಡಿಗೆ ಬಂದವರು ಪಾಸ್‌ಪೋರ್ಟ್ ಸೈಜಿನವರೇ. ಮದುವೆಯ ಮೊದಲ ಆರ್ಡರ್ ಬಂದದ್ದು ಚಿಕ್ಕಸ್ವಾಮಿಗೌಡರಿಂದ. ನಾಲೆ ಬಯಲಲ್ಲಿ ಗದ್ದೆ, ಮನೆಯಲ್ಲಿ ಹತ್ತು ಹಸು ಇದ್ದ ಕುಳ. ಮಗಳು ಲಿಖಿತಾಳ ಮದುವೆಯ ಆಲ್ಬಮ್ಮನ್ನು ಕ್ಯಾಮೆರಾದವನು ಪವಿತ್ರಳಿಗೆ ವಹಿಸಿದ್ದ. ಲಿಖಿತಾ ಅಪ್ಪನ ಹಾಗೆ ಎಣ್ಣೆಗಪ್ಪು. ಧಾರೆಯ ಹೊತ್ತಿನಲ್ಲಿ ಕಣ್ಣಿಗೆ ಹೋಮದ ಹೊಗೆ ತಾಗಿ ಕಣ್ಣುಜ್ಜುತ್ತಲೇ ನಗುತ್ತಿದ್ದ ಅವಳ ಒಂದು ಚಿತ್ರವಿತ್ತು. ಬೇರೆಯವರಾದರೆ ಎಸೆದುಬಿಡುತ್ತಿದ್ದ ಆ ಚಿತ್ರವನ್ನು ಪವಿತ್ರ ಇಡೀ ಹಾಳೆಗೆ ಹಾಕಿದಳು. ಮುಖದ ಒಂದು ಬದಿಗೆ ಬಿದ್ದಿದ್ದ ಬೆಂಕಿಯ ಬೆಳಕನ್ನು, ಇನ್ನೊಂದು ಬದಿಯ ನೆರಳನ್ನು ಇಂಚಿಂಚಾಗಿ ಬೇರೆ ಮಾಡುತ್ತಾ ಮೂರು ದಿನ ಕೂತಳು.

ಲ್ಯಾಬಿಗೆ ಕಳಿಸುವ ಮೊದಲು ನೋಡಬೇಕೆಂದು ಗೌಡರೇ ಅಂಗಡಿಗೆ ಬಂದರು. ಆ ಕಿರಿದಾದ ಜಾಗದಲ್ಲಿ ಇದ್ದ ಒಂದೇ ಸ್ಟೂಲಿನ ಮೇಲೆ ಕೂತು, ಟವೆಲ್ಲಿನಿಂದ ಮುಖ ಒರೆಸಿಕೊಂಡು, ಹಾಳೆಯಿಂದ ಹಾಳೆಗೆ ನೋಡುತ್ತಾ ಹೋದರು. ಚೆಂದಾಗಿದೆ, ಆದರೆ ಹುಡುಗಿ ಕರ್ರಗೆ ಬಂದಿದ್ದಾಳೆ, ಬೀಗರು ನೋಡುವ ಆಲ್ಬಂ, ಒಂಚೂರು ಬೆಳ್ಳಗೆ ಮಾಡಿಬಿಡು, ಅದಕ್ಕೆ ಬೇಕಾದರೆ ಮೇಲೆ ಕೊಡುತ್ತೇನೆ ಎಂದರು.

ಈ ಆರ್ಡರ್ ಕೈಬಿಟ್ಟರೆ ಮುಂದೆ ಪವಿತ್ರಳಿಗೆ ಅಂಗಡಿ ಬಾಗಿಲು ತೆರೆಯುವುದೇ ಕಷ್ಟವಿತ್ತು. ಅಪ್ಪ ಮಗಳು ಜೊತೆಗೆ ನಿಂತಿದ್ದ ಹಾಳೆಯನ್ನು ತೆರೆದಳು.

"ಗೌಡ್ರೇ, ನಿಮ್ಮ ಮುಖಾನೂ ಬೆಳ್ಳಗೆ ಮಾಡ್ಲಾ?"

"ನಂದ್ಯಾಕವ್ವ? ಗಂಡಸು ನಾನು. ನಂದು ಎಂಗದೋ ಅಂಗೇ ಇರ್ಲಿ."

"ಅಂಗಾದ್ರೆ ಇದು ಅಪ್ಪ, ಇದು ಮಗಳು ಅಂತ ಯಾರು ನಂಬ್ತಾರೆ ಗೌಡ್ರೇ?"

ಪವಿತ್ರ ಇನ್ನೊಂದು ಮಾತು ಸೇರಿಸಿದಳು. ಬೆಳ್ಳಗೆ ಮಾಡಿಕೊಡುವ ಸ್ಟುಡಿಯೋಗಳು ನಂಜನಗೂಡು, ಮೈಸೂರಿನಲ್ಲಿ ಬೇಕಾದಷ್ಟಿವೆ, ಚಿತ್ರಗಳ ಸಿಡಿ ಈಗಲೇ ಕೊಡುತ್ತೇನೆ, ಮಾಡಿದ ಕೆಲಸಕ್ಕೆ ಬಿಡಿಗಾಸು ಬೇಡ, ಆದರೆ ತನ್ನ ಕೈಯಲ್ಲಿ ಆ ಕೆಲಸ ಆಗುವುದಿಲ್ಲ ಎಂದಳು. ಗೌಡರು ಮತ್ತೆ ಪರದೆಗೆ ಬಗ್ಗಿ ಹೊಗೆಯಲ್ಲಿ ನಗುತ್ತಿದ್ದ ಮಗಳನ್ನು ನೋಡಿದರು.

"ಇವ್ಳು ನಗಾಡ್ದಾಗ ನಮ್ಮವ್ವನಂಗೇ ಕಾಣ್ತಳೆ. ಇಷ್ಟು ವರ್ಷ ನಾನು ನೋಡೇ ಇರ್ನಿಲ್ಲ" ಎಂದು, ಟವೆಲು ಹೆಗಲಿಗೆ ಹಾಕಿಕೊಂಡು, ಕಳಿಸು ಎಂದು ಹೇಳಿ ಎದ್ದರು.

ಅದಾದ ಮೇಲೆ ಊರಿಗೆ ಊರೇ ಅವಳ ಅಂಗಡಿಗೆ ನುಗ್ಗಿತು ಎಂದರೆ ಸುಳ್ಳಾಗುತ್ತದೆ. ಲಿಖಿತಾಳ ಅತ್ತೆ ಆಲ್ಬಂ ನೋಡಿ ಮೂಗು ಮುರಿದರಂತೆ. ಆದರೆ ಲಿಖಿತಾ ಅದನ್ನು ಗೆಳತಿಯರಿಗೆಲ್ಲ ತೋರಿಸಿದಳು. ಅವರಲ್ಲಿ ಇಬ್ಬರು ತಮ್ಮ ಮದುವೆಗೆ ಪವಿತ್ರಳೇ ಆಗಬೇಕೆಂದು ಮನೆಯಲ್ಲಿ ಜಗಳವಾಡಿದರು. ಕಳಲೆಯಿಂದ ಒಬ್ಬರು, ಹುಲ್ಲಹಳ್ಳಿಯಿಂದ ಒಬ್ಬರು ಹೀಗೆ ಬರತೊಡಗಿದರು. ಎರಡು ವರ್ಷದಲ್ಲಿ ಜಗನ್ ಬೇಕೆಂದಿದ್ದ ಶೀಟು ಮನೆಗೆ ಬಿತ್ತು. ಅವ್ವನ ಫೋಟೋಕ್ಕೆ ಹೂವು ಮುಡಿಸೆಂದು ಚಿಕ್ಕವ್ವ ಮರಿತಾಯಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವ್ವ ತೀರಿಕೊಂಡ ವರ್ಷವೇ ಒರೆಸಿದ ನೆಗೆಟಿವಿನ ಹೊಸ ಫೋಟೋ ಗೋಡೆಗೆ ಏರಿದಂದೇ ಅವಳು ಕನಕಾಂಬರ ಕಟ್ಟಿ ತಂದು ಮುಡಿಸಿದ್ದಳು.

ಎರಡು ಸಾವಿರದ ಎಂಟರ ಮದುವೆ ಕಾಲ ಮುಗಿಯುವ ಹೊತ್ತಿಗೆ ಮೈಸೂರು ಕಡೆಯ ಅಧಿಕಾರಿಯೊಬ್ಬರು ಕಾರಿನಲ್ಲಿ ಬಂದರು. ಮಗನ ಮದುವೆಯ ದೊಡ್ಡ ಆರ್ಡರ್, ಮೂರು ಆಲ್ಬಂ. ಕೆಲಸದ ಅಚ್ಚುಕಟ್ಟು ಹೊಗಳಿ, ಎಲ್ಲ ಮಾತು ಮುಗಿದ ಮೇಲೆ, ಸೊಸೆ ಸ್ವಲ್ಪ ಬಣ್ಣ ಕಮ್ಮಿ, ಅದೊಂದು ನೋಡಿಕೊಳ್ಳಿ ಎಂದರು. ಅವರು ಚಿತ್ರ ತುಂಬಿ ಕೊಟ್ಟಿದ್ದ ಡಿಸ್ಕನ್ನು ಪವಿತ್ರ ಯಂತ್ರದಿಂದ ಬಿಡಿಸಿ, ವೈರು ಸುತ್ತಿ, ಅವರ ಮುಂದಿಟ್ಟಳು.

"ಬಣ್ಣ ಕಮ್ಮಿ ಇಲ್ಲ ಸಾ, ಜಾಸ್ತಿನೇ ಅದೆ. ತೆಗ್ಯೋ ಕೆಲಸ ನಾನು ಮಾಡಲ್ಲ. ಬಸ್ ಸ್ಟ್ಯಾಂಡ್ ಅತ್ರ ಈಗ ಐದು ಜನ ಅವ್ರೆ, ಮಾಡ್ಕೊಡ್ತಾರೆ."

ಅವರು ಡಿಸ್ಕು ಎತ್ತಿಕೊಂಡು ಕಾರು ಹತ್ತಿದರು. ಆ ವಾರ ಬೇರೆ ಆರ್ಡರ್ ಯಾವುದೂ ಬರಲಿಲ್ಲ. ಪವಿತ್ರ ದಿನಾ ಹತ್ತು ಗಂಟೆಗೆ ಸರಿಯಾಗಿ ಬಂದು ಬಾಗಿಲು ತೆರೆದು ಕೂತಳು.